ಕೆಳಗಿನಿಂದ ಬಂದ ಕೂಗು

ಉಡುಪಿ

ಚಿರಂಜೀವಿ ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ನಿನ್ನಮ್ಮ ದಿನವೂ ಫೋನಿನಲ್ಲಿ ಹೇಳುತ್ತಿರುವುದರಿಂದ ಅದನ್ನು ಮತ್ತೆ ಬರೆಯುವುದಿಲ್ಲ. ನ್ಯೂಜಿಲೆಂಡಿನ ಡ್ಯುನೆಡಿನ್‌ನ ಚಳಿ, ಪರೀಕ್ಷೆಯ ಮಾತುಗಳ ನಡುವೆ ನೀನು ಬರೆದ ಒಂದು ವಾಕ್ಯದಿಂದ ಎರಡು ರಾತ್ರಿ ನನಗೆ ನಿದ್ದೆ ಹತ್ತಿಲ್ಲ. "ಸ್ಕ್ರಮ್ ಕುಸಿದಾಗ ಕೆಳಗಿನಿಂದ ಕೂಗಿದೆ ದೊಡ್ಡಪ್ಪ, ಯಾರಿಗೂ ಕೇಳಿಸಲಿಲ್ಲ, ಎರಡೂ ಕೈ ಜುಮ್ ಎಂದವು, ಆಮೇಲೆ ಸರಿಹೋಯಿತು" ಎಂದು ಬರೆದು, ಅದರ ಬೆನ್ನಿಗೇ, ಚೆಂಡಿಗಾಗಿ ಎರಡೂ ತಂಡದವರು ತಲೆ ಬಗ್ಗಿಸಿ ಒಬ್ಬರನ್ನೊಬ್ಬರು ನೂಕುವ ಆ ಸ್ಕ್ರಮ್, ರಗ್ಬಿ ಆಟದಲ್ಲಿ ಉಳಿಯಬೇಕೋ ಬೇಡವೋ ಎಂದು ನಿನ್ನ ಗೆಳೆಯರು ನಡೆಸುವ ಚರ್ಚೆಯ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ದೀಯ. ಅಭಿಪ್ರಾಯವನ್ನು ಹೇಳುತ್ತೇನೆ. ಆದರೆ ನನ್ನ ಮನಸ್ಸು ಆ ಕೂಗಿನ ಹತ್ತಿರವೇ ನಿಂತುಬಿಟ್ಟಿದೆ.

ನಾನು ರಗ್ಬಿ ಆಡಿದವನಲ್ಲ. 31 ವರ್ಷ ದೈಹಿಕ ಶಿಕ್ಷಣ ಶಿಕ್ಷಕನಾಗಿ, ಕಬಡ್ಡಿ ಪಂದ್ಯಾಟಗಳ ತೀರ್ಪುಗಾರನಾಗಿ ಸೀಟಿ ಊದಿದವನು. ಆದರೂ ನಿನ್ನ ಪತ್ರ ಬಂದ ಮೇಲೆ ಸ್ಕ್ರಮ್‌ನ ವಿಡಿಯೋಗಳನ್ನು ಅಲ್ಲಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಎರಡೂ ಕಡೆ ಎಂಟೆಂಟು ಜನ. ಮುಂದಿನ ಸಾಲಿನ ಮೂವರ ತಲೆಗಳು ಎದುರಾಳಿಗಳ ತಲೆಗಳ ಸಂದಿಗೆ ಹೊಕ್ಕು ಹೆಗಲಿಗೆ ಹೆಗಲು ಕೊಟ್ಟು ನಿಂತ ಮೇಲೆ, ಹಿಂದಿನ ಐವರ ಬಲವೆಲ್ಲ ಆ ಮೂವರ ಬೆನ್ನಿನ ಮೂಲಕವೇ ಮುಂದಕ್ಕೆ ಹೋಗಬೇಕು. ಅವರ ಕೈಗಳು ಅಕ್ಕಪಕ್ಕದವರನ್ನೋ ಎದುರಿನವನನ್ನೋ ಹಿಡಿದಿರುವುದರಿಂದ ಬೀಳುವಾಗ ನೆಲಕ್ಕೆ ಊರಲು ಕೈ ಸಿಗುವುದಿಲ್ಲ. ತಲೆ ನೆಲಕ್ಕೆ ತಾಗಿ ಗದ್ದ ಎದೆಗೆ ಮಡಚಿಕೊಂಡಿರುವಾಗ, ಮುಂದೆ ಕುಸಿದದ್ದು ತಿಳಿಯದ ಹಿಂದಿನವರು ಇನ್ನೂ ನೂಕುತ್ತಲೇ ಇದ್ದರೆ, ಆ ಭಾರವೆಲ್ಲ ಕುತ್ತಿಗೆಯ ಮೂಳೆಗಳ ಮೇಲೆ ಬೀಳುತ್ತದೆ. ನೀನು ಕೂಗಿದ್ದು ಅಲ್ಲಿಂದ.

ಸ್ಕ್ರಮ್ ಅನ್ನೇ ತೆಗೆದುಹಾಕಬೇಕು ಎಂದು ಮೊದಲ ರಾತ್ರಿ ನಾನೂ ಅಂದುಕೊಂಡೆ. ಮರುದಿನ ಓದುತ್ತಾ ಹೋದಂತೆ ಆ ಮಾತು ಅಷ್ಟು ಸುಲಭವಾಗಿ ಬಾಯಿಗೆ ಬರಲಿಲ್ಲ. ಆ ಆಟದಲ್ಲಿ ಹೆಚ್ಚಿನ ಗಾಯಗಳು ಆಗುವುದು ಟ್ಯಾಕಲ್‌ನಲ್ಲಿ, ಓಡಿ ಬರುವವನನ್ನು ಕೆಡವುವಾಗ. ನೀನಿರುವ ನ್ಯೂಜಿಲೆಂಡಿನಲ್ಲಿಯೇ 2001ರಲ್ಲಿ ರಗ್ಬಿಸ್ಮಾರ್ಟ್ ಎಂಬ ಕಾರ್ಯಕ್ರಮ ತಂದು, ತರಬೇತುದಾರರೂ ತೀರ್ಪುಗಾರರೂ ಸುರಕ್ಷಿತ ಆಟದ ಪಾಠಕ್ಕೆ ಬರಲೇಬೇಕೆಂದು ಕಡ್ಡಾಯ ಮಾಡಿದರು. ಹಿಂದಿನ ವರ್ಷಗಳ ಲೆಕ್ಕದಲ್ಲಿ 2001ರಿಂದ 2005ರ ನಡುವೆ ಸ್ಕ್ರಮ್‌ನಿಂದ ಬೆನ್ನುಹುರಿಗೆ ಗಂಭೀರ ಪೆಟ್ಟು ಬೀಳುವವರು ಸುಮಾರು 9 ಜನ ಆಗಬೇಕಿತ್ತು, ಆದದ್ದು ಒಬ್ಬನಿಗೆ. 2013ರ ಹೊತ್ತಿಗೆ ಸ್ಕ್ರಮ್ ಕಟ್ಟುವ ಕ್ರಮವನ್ನೇ ಬದಲಿಸಿ, ಬಾಗಿ, ಒಬ್ಬರನ್ನೊಬ್ಬರು ಗಟ್ಟಿಯಾಗಿ ಹಿಡಿದ ನಂತರವೇ ಸೇರಬೇಕೆಂದು ಮಾಡಿ, ದೂರದಿಂದ ಧಾವಿಸಿ ಡಿಕ್ಕಿ ಹೊಡೆಯುವುದನ್ನು ನಿಲ್ಲಿಸಿದರು. 19 ವರ್ಷದೊಳಗಿನವರು ಒಂದೂವರೆ ಮೀಟರಿಗಿಂತ ಹೆಚ್ಚು ನೂಕುವಂತಿಲ್ಲ. ಇಷ್ಟೆಲ್ಲ ಓದಿದ ಮೇಲೆ, ಕಲಿಸಿದರೆ ಅಪಾಯ ಇಳಿಯುತ್ತದೆ ಎಂಬುದನ್ನು ಒಪ್ಪಿದೆ. ಆದರೂ ಆ ಒಬ್ಬ ನನ್ನ ತಲೆಯಿಂದ ಹೋಗಲಿಲ್ಲ. ಅವನೂ ಕೆಳಗಿನಿಂದ ಕೂಗಿರಬಹುದಲ್ಲವೇ?

ನಿನ್ನ ಅಪ್ಪನಿಗೂ ಹೇಳದ ಒಂದು ವಿಷಯವನ್ನು ಈಗ ಬರೆಯುತ್ತಿದ್ದೇನೆ. ನನಗೆ ಆಗ 34 ವರ್ಷ. ಮಳೆ ಬಿಟ್ಟೂ ಬಿಡದ ಒಂದು ಸಂಜೆ, ಎರಡು ಶಾಲೆಗಳ ನಡುವೆ ಫೈನಲ್ ಪಂದ್ಯ. ದಾಳಿಗೆ ಹೋದ ಹುಡುಗನನ್ನು ಐದು ಜನ ಹಿಡಿದು ಮೇಲೆ ಬಿದ್ದರು. ಅವನ ಬಲಗೈ ಮಧ್ಯದ ಗೆರೆಯಿಂದ ಒಂದು ಗೇಣು ದೂರದಲ್ಲಿ ಕೆಸರನ್ನು ಕೆರೆಯುತ್ತಿತ್ತು. ಕಬಡ್ಡಿಯಲ್ಲಿ ನಮ್ಮ ಕಿವಿ ಇರುವುದೇ ಉಸಿರಿನ ಮೇಲೆ. 'ಕಬಡ್ಡಿ ಕಬಡ್ಡಿ' ಎನ್ನುವ ದನಿ ನಿಂತ ಕ್ಷಣ ಸೀಟಿ ಊದಬೇಕು. ಆ ರಾಶಿಯ ಅಡಿಯಿಂದ ಒಂದು ದನಿ ಬರುತ್ತಲೇ ಇತ್ತು. ಅದು 'ಕಬಡ್ಡಿ' ಆಗಿರಲಿಲ್ಲ, 'ಸಾರ್' ಎಂದಾಗಿತ್ತು. ನನಗೆ ಕೇಳಿಸಿತು ಸುಹಾಸ. ಪಾಯಿಂಟಿಗಾಗಿ ಗೋಗರೆಯುತ್ತಿದ್ದಾನೆ ಎಂದುಕೊಂಡು, ಕೈ ಗೆರೆ ಮುಟ್ಟುತ್ತದೋ ಇಲ್ಲವೋ ನೋಡೋಣ ಎಂದು ಎರಡು ಕ್ಷಣ ಕಾದೆ. ಆಮೇಲೆ ಊದಿದೆ. ಎಲ್ಲರೂ ಎದ್ದರು, ಅವನು ಏಳಲಿಲ್ಲ. ನಾನೇ ಓಡಿಹೋಗಿ, ಮಾಡಬಾರದ ಕೆಲಸವನ್ನು ಮಾಡಿ, ಕಂಕುಳಿಗೆ ಕೈ ಹಾಕಿ ಎತ್ತಿ ಕೂರಿಸಿದೆ.

ಅವನು ನಡೆಯುತ್ತಾನೆ, ಅಂಗಡಿ ಇಟ್ಟುಕೊಂಡಿದ್ದಾನೆ, ಎಲ್ಲಿ ಕಂಡರೂ ನಗುತ್ತಾನೆ. ಕೆಲವು ವರ್ಷಗಳ ಹಿಂದೆ ಒಂದು ಮದುವೆ ಊಟದ ಪಂಕ್ತಿಯಲ್ಲಿ ನನ್ನ ಎದುರಿಗೇ ಕೂತಿದ್ದ. ಬಲಗೈಯ ಬೆರಳುಗಳು ಇಂದಿಗೂ ಕೂಡುವುದಿಲ್ಲವಾದ್ದರಿಂದ, ಬಾಳೆಯೆಲೆಯ ಮೇಲಿನ ಸಾರನ್ನವನ್ನು ಎಡಗೈಯಲ್ಲಿ ಚಮಚ ಹಿಡಿದು ಒಟ್ಟುಮಾಡುತ್ತಿದ್ದ. ಸಾರು ಎಲೆಯ ಅಂಚಿಗೆ ಹರಿದಾಗ ಪಕ್ಕದವರು ನೋಡದ ಹಾಗೆ ಮೊಣಕೈಯಿಂದ ತಡೆದ. ನಾನು ಪಾಯಸಕ್ಕೆ ಕಾಯದೆ ಎದ್ದುಬಂದೆ.

ಇದಕ್ಕೇ ನಿನ್ನ ವಾಕ್ಯ ನನ್ನನ್ನು ಹಿಡಿದುಕೊಂಡಿದೆ. ಇಂಗ್ಲೆಂಡಿನಲ್ಲಿ 1991ರಲ್ಲಿ ನಡೆದ ಒಂದು ಪಂದ್ಯದಲ್ಲಿ ಸ್ಕ್ರಮ್ 20ಕ್ಕೂ ಹೆಚ್ಚು ಬಾರಿ ಕುಸಿದರೂ ತೀರ್ಪುಗಾರ ಸರಿಯಾದ ಕ್ರಮದಲ್ಲಿ ಕಟ್ಟಿಸಲಿಲ್ಲ. 17ರ ಹುಡುಗನೊಬ್ಬನ ಕುತ್ತಿಗೆ ಮುರಿಯಿತು. ತೀರ್ಪುಗಾರನೇ ಹೊಣೆ ಎಂದು ನ್ಯಾಯಾಲಯ ಹೇಳಿತು, ಮೇಲ್ಮನವಿಯಲ್ಲಿಯೂ 1996ರಲ್ಲಿ ಅದೇ ತೀರ್ಪು ನಿಂತಿತು. ಅದನ್ನು ಓದುವಾಗ ನನ್ನ ಕೈ ನಡುಗಿತು. ನನ್ನನ್ನು ಯಾರೂ ಕೇಳಲಿಲ್ಲ, ಅವನ ಮನೆಯವರು ಕೂಡ.

ಹಾಗಾದರೆ ನನ್ನ ಅಭಿಪ್ರಾಯವೇನು? ಕಲಿತವರಿಗೆ, ವರ್ಷಗಟ್ಟಲೆ ಕುತ್ತಿಗೆ ಬೆನ್ನುಗಳನ್ನು ಅದಕ್ಕಾಗಿಯೇ ಪಳಗಿಸಿದವರಿಗೆ, ಕಿವಿ ತೆರೆದಿಟ್ಟ ತೀರ್ಪುಗಾರನ ಎದುರು ಸ್ಕ್ರಮ್ ಇರಲಿ. ಕಲಿಯದವನನ್ನು, ಆ ದಿನ ಬರಬೇಕಾದವನು ಬರಲಿಲ್ಲವೆಂದು, ದೇಹ ದಪ್ಪಗಿದೆ ಎಂಬ ಒಂದೇ ಕಾರಣಕ್ಕೆ ಮುಂದಿನ ಸಾಲಿಗೆ ನಿಲ್ಲಿಸುವುದಾದರೆ ಅಂಥ ಸ್ಕ್ರಮ್ ಬೇಡ. ನಿನಗೆ ಆದದ್ದು ಇದೇ. ಆಟದ ನಿಯಮವೂ ಇದನ್ನು ಒಪ್ಪುತ್ತದೆ: ಮುಂದಿನ ಸಾಲಿಗೆ ತರಬೇತಿ ಆದವರು ಇಲ್ಲದಿದ್ದರೆ ಎರಡೂ ತಂಡಗಳು ನೂಕದೆ ಸುಮ್ಮನೆ ಸ್ಕ್ರಮ್ ಕಟ್ಟಿ ಚೆಂಡನ್ನು ಹೊರತೆಗೆಯಬೇಕು. ಹದಿಮೂರು ಜನರ ರಗ್ಬಿ ಲೀಗ್‌ನಲ್ಲಿ ಬಹಳ ಕಾಲದಿಂದ ಹೆಚ್ಚುಕಡಿಮೆ ಹಾಗೆಯೇ ಆಡುತ್ತಾರೆ, ಅಲ್ಲಿ ಆಟವೇನೂ ಸತ್ತಿಲ್ಲ.

ಆದರೆ ಬೇಡ ಎನ್ನಲು ನಿನಗೆ ಯಾಕೆ ಕಷ್ಟವಾಗುತ್ತಿದೆ ಎಂಬುದೂ ನನಗೆ ಗೊತ್ತು. ಎಂಟನೆಯ ತರಗತಿಯಲ್ಲಿ ತೂಕದ ಮಿತಿ ದಾಟಿದೆ ಎಂದು ನಿನ್ನನ್ನು ಕಬಡ್ಡಿ ತಂಡದಿಂದ ಬಿಟ್ಟು ನೀರಿನ ಬಾಟಲಿ ಹಿಡಿದು ಕೂರಿಸಿದವನು ನಾನೇ. ನಿಯಮ ಹಾಗಿತ್ತು. ಆದರೆ ಹತ್ತಿರ ಕರೆದು ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ಈಗ ದೂರದ ಊರಿನಲ್ಲಿ ನಿನ್ನ ಮೈಕಟ್ಟನ್ನು ನೋಡಿ ಒಂದು ತಂಡ ಬಾ ಎಂದು ಕರೆದಾಗ ನಿನಗೆ ಆದ ಸಂತೋಷ ಪತ್ರದ ಸಾಲು ಸಾಲಿನಲ್ಲೂ ಇದೆ. ಅದನ್ನು ಕಸಿಯುವ ಮನಸ್ಸು ನನಗಿಲ್ಲ.

ಸಲಹೆ ಎಂದು ಹೇಳುವ ಯೋಗ್ಯತೆ ನನಗೆಷ್ಟಿದೆಯೋ ತಿಳಿಯದು. ಎರಡೂ ಕೈ ಜುಮ್ ಎಂದದ್ದನ್ನು ಮಾತ್ರ ಸರಿಹೋಯಿತು ಎಂದು ಬಿಡಬೇಡ. ವೈದ್ಯರಿಗೆ ತೋರಿಸಿ ಅವರು ಸರಿ ಎನ್ನುವವರೆಗೆ ಮೈದಾನಕ್ಕೆ ಇಳಿಯಬೇಡ. ಇಳಿಯುವುದಾದರೆ ಪಂದ್ಯಕ್ಕೆ ಮೊದಲೇ ನಾಯಕನಿಗೂ ತೀರ್ಪುಗಾರನಿಗೂ, ಮುಂದಿನ ಸಾಲಿಗೆ ನನಗೆ ತರಬೇತಿ ಆಗಿಲ್ಲ ಎಂದು ನಿಂತ ಕಾಲಿನಲ್ಲೇ ಹೇಳು. ನಿಂತಿರುವಾಗ ಹೇಳಿದ್ದು ಎಲ್ಲರಿಗೂ ಕೇಳಿಸುತ್ತದೆ. ಬೇರೆ ಯಾರಾದರೂ ಬಿದ್ದು ಏಳದಿದ್ದರೆ, ನಾನು ಮಾಡಿದ ಹಾಗೆ ಎತ್ತಬೇಡ. ಅಲುಗಾಡಿಸದೆ ಪಕ್ಕದಲ್ಲಿ ಕೂತಿರು. ನಿನಗೆ ಇದೆಲ್ಲ ಗೊತ್ತಿದ್ದರೆ ಮುದುಕ ಬರೆದ ಎಂದು ಕ್ಷಮಿಸು.

ಈ ಪತ್ರದ ಫೋಟೋ ತೆಗೆದು ಈಗಲೇ ಕಳುಹಿಸಲು ದೊಡ್ಡಮ್ಮನಿಗೆ ಹೇಳಿದ್ದೇನೆ. ಶನಿವಾರ ಮಧ್ಯಾಹ್ನ 3 ಗಂಟೆಗೆ ಪಂದ್ಯ ಎಂದಿದ್ದೀಯ, ಇಲ್ಲಿ ಆಗ ಬೆಳಿಗ್ಗೆ ಎಂಟೂವರೆ. ಆಡಿದರೂ ಆಡದಿದ್ದರೂ ಮುಗಿದ ಕೂಡಲೇ ಫೋನ್ ಮಾಡು. ನಾನು ಜಗಲಿಯಲ್ಲೇ ಕೂತಿರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ