ಸದನದೊಳಗೆ ಏನಾಯಿತು, ಅದನ್ನೂ ಗ್ರೂಪ್‌ಗೆ ಹಾಕಿ

ಸಂಪಾದಕರೇ,

ನಮ್ಮ ಶಾಸಕರ ಕಡೆಯವರು ನಡೆಸುವ ವಾಟ್ಸಾಪ್ ಗ್ರೂಪ್‌ನಲ್ಲಿ ನಾನೂ ಇದ್ದೇನೆ. ದಿನಾ ಫೋಟೊ ಬರುತ್ತವೆ. ಸಿ.ಸಿ. ರಸ್ತೆಗೆ ಗುದ್ದಲಿ ಪೂಜೆ, ಅಂಗನವಾಡಿ ಉದ್ಘಾಟನೆ, ಸಾಮೂಹಿಕ ಮದುವೆಯಲ್ಲಿ ಅಕ್ಕಿಕಾಳು ಹಾಕಿದ್ದು, ಯಾರದೋ ಹುಟ್ಟುಹಬ್ಬದ ಕೇಕು. ಇದೆಲ್ಲ ಬೇಡ ಅನ್ನುವುದಿಲ್ಲ. ಕರೆದರೆ ಬರುತ್ತಾರೆ, ಜಾತ್ರೆಯಲ್ಲಿ ತೇರಿಗೆ ಕೈ ಹಚ್ಚುತ್ತಾರೆ, ಮದುವೆಗೆ ಬಾರದ ಶಾಸಕ ಮುಂದಿನ ಸಲ ಗೆಲ್ಲುವುದು ಕಷ್ಟ ಅಂತ ಅವರಿಗೂ ಗೊತ್ತು, ನಮಗೂ ಗೊತ್ತು. ಆದರೆ ಅಧಿವೇಶನ ಶುರುವಾದ ಕೂಡಲೇ ಗ್ರೂಪ್ ತಣ್ಣಗಾಗಿಬಿಡುತ್ತದೆ. ಹೆಚ್ಚೆಂದರೆ ವಿಧಾನಸೌಧದ ಮೆಟ್ಟಿಲ ಮೇಲೆ, ಇಲ್ಲವೇ ಬೆಳಗಾವಿಯ ಸುವರ್ಣಸೌಧದ ಮುಂದೆ ನಿಂತ ಒಂದು ಫೋಟೊ. ಒಳಗೆ ಏನಾಯಿತು? ಯಾವ ಮಸೂದೆ ಬಂತು, ನಮ್ಮವರು ಏನು ಕೇಳಿದರು, ಮಂತ್ರಿ ಏನಂದರು? ಒಂದು ಸಾಲೂ ಇಲ್ಲ.

ಅದು ಗೊತ್ತಾಗದಿದ್ದರೆ ಜನಕ್ಕೆ ಏನು ನಷ್ಟ ಅಂತ ಕೇಳಬಹುದು. ಸಂಘದ ಸಾಲದ, ಅಂದರೆ ಮೈಕ್ರೋ ಫೈನಾನ್ಸ್ ಕಂಪನಿಗಳು ಹೆಂಗಸರ ಗುಂಪಿಗೆ ಕೊಡುವ ಸಾಲದ, ಕಾನೂನನ್ನೇ ನೋಡಿ. 2025ರ ಫೆಬ್ರುವರಿಯಲ್ಲಿ ಸರ್ಕಾರ ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಮೊದಲು ವಾಪಸ್ ಕಳಿಸಿ, ಆಮೇಲೆ ಸಹಿ ಹಾಕಿದರು. ಮಾರ್ಚ್‌ನಲ್ಲಿ ಮಸೂದೆಯಾಗಿ ಸದನದಲ್ಲಿ ಪಾಸಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ದೂರು ತಂದವರನ್ನು ಪೊಲೀಸರು ಸುಮ್ನೆ ವಾಪಸ್ ಕಳಿಸುವ ಹಾಗಿಲ್ಲ. ಒಳ್ಳೆಯ ಕಾನೂನೇ.

ಆದರೆ ನಮ್ಮ ಓಣಿಗೆ ಅದು ಬಂದು ಮುಟ್ಟಿದ್ದು ಹೀಗೆ: ‘ಸಂಘದ ಸಾಲ ಎಲ್ಲಾ ಮನ್ನಾ ಆಗ್ಯಾದಂತ!’

ಹಾಗೇನೂ ಆಗಿರಲಿಲ್ಲ. ಲೈಸೆನ್ಸು, ನೋಂದಣಿ ಎರಡೂ ಇಲ್ಲದವರು ಬಡವರಿಗೆ ಕೊಟ್ಟ ಸಾಲ ತೀರಿದಂತೆ ಅಂತ ಕಾನೂನು ಹೇಳುತ್ತದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಇರುವ ಕಂಪನಿಗಳ ಸಾಲ ಹಾಗೇ ಇರುತ್ತದೆ. ಇದನ್ನು ಬಿಡಿಸಿ ಹೇಳುವವರು ಯಾರೂ ಇರಲಿಲ್ಲ, ಹೀಗಾಗಿ ಕೆಲವು ಹೆಣ್ಣುಮಕ್ಕಳು ಕಂತು ಕಟ್ಟುವುದನ್ನೇ ಬಿಟ್ಟರು. ಗುಂಪಿನ ಸಾಲ ಅಂದಮೇಲೆ ಗೊತ್ತಲ್ಲ, ಒಬ್ಬಳು ಕಟ್ಟದಿದ್ದರೆ ಉಳಿದವರು ಕೂಡಿಸಿ ಹಾಕಬೇಕು. ಬೆಳಗ್ಗೆ ಬೈಕ್ ಮೇಲೆ ಬಂದ ವಸೂಲಿ ಹುಡುಗ ಚಾಪೆ ಮೇಲೆ ಕೂತ ಹೆಂಗಸರ ನಡುವೆ ಪಾಸ್‌ಬುಕ್ ಜೋಡಿಸಿಟ್ಟುಕೊಂಡು, ‘ಎಲ್ಲರ ಕಂತು ಬರೋತನಕ ಯಾರೂ ಏಳಂಗಿಲ್ಲ’ ಅಂದ. ಹೊಲದ ಕೂಲಿಗೆ ಹೋಗುವ ಟಂಟಂ ಅಗಸಿಯಲ್ಲಿ ನಿಂತು ಹಾರ್ನ್ ಹೊಡೆಯುತ್ತಿತ್ತು. ಜಗಳ ಆದದ್ದು ಆ ಹುಡುಗನ ಜೊತೆ ಅಲ್ಲ. ಅಕ್ಕಪಕ್ಕದ ಮನೆಯವರು ತಮ್ಮತಮ್ಮಲ್ಲೇ ಕಚ್ಚಾಡಿದರು, ಇವತ್ತಿಗೂ ಕೆಲವರಿಗೆ ಮಾತಿಲ್ಲ. ಅದೇ ಹೊತ್ತಿಗೆ, ಖಾಲಿ ಚೆಕ್ ಬರೆಸಿಕೊಂಡು ವಾರದ ಬಡ್ಡಿಗೆ ದುಡ್ಡು ಬಿಡುವ, ಯಾವ ಕಾಗದವೂ ಇಲ್ಲದ ಆಸಾಮಿಗಳು ಆರಾಮಾಗಿ ವಸೂಲಿ ಮಾಡುತ್ತಲೇ ಇದ್ದರು. ಕಾನೂನು ಬಂದದ್ದೇ ಅಂಥವರ ಮೇಲೆ. ಅವರ ಮೇಲೆ ದೂರು ಕೊಡಬಹುದು ಅಂತ ಒಬ್ಬರಿಗೂ ಗೊತ್ತಿರಲಿಲ್ಲ.

ಮಸೂದೆ ಪಾಸಾದ ಸದನದಲ್ಲಿ ನಮ್ಮವರೂ ಸದಸ್ಯರು ಅಲ್ವಾ? ಎರಡು ನಿಮಿಷದ ವಿಡಿಯೊ ಮಾಡಿ ‘ತಾಯಂದಿರೇ, ಇದು ಹೀಗೆ, ಇದು ಹೀಗಲ್ಲ’ ಅಂದಿದ್ದರೆ ಸಾಕಿತ್ತು. ಅದೇ ಮಾರ್ಚ್‌ನಲ್ಲಿ ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ ಏರಿಸುವ ಮಸೂದೆಯೂ ಗದ್ದಲದ ನಡುವೆ ಪಾಸಾಯಿತು. ಅದನ್ನೂ ಗ್ರೂಪ್‌ಗೆ ಯಾರೂ ಹಾಕಲಿಲ್ಲ. ಆದರೂ ಊರಿಗೆಲ್ಲ ಗೊತ್ತಾಯಿತು ಬಿಡಿ.

ಇನ್ನು ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ ಕಲಮು, 371 ಜೆ. ಎಲ್ಲ ಪಕ್ಷದವರೂ ಚುನಾವಣೆಯಲ್ಲಿ ಇದರ ಹೆಸರು ಹೇಳಿಯೇ ಮತ ಕೇಳುತ್ತಾರೆ. ಆ ಕಲಮಿನಲ್ಲೇ ಒಂದು ಮಾತಿದೆ: ನಮ್ಮ ಭಾಗದ ಅಭಿವೃದ್ಧಿ ಮಂಡಳಿ ಏನು ಕೆಲಸ ಮಾಡಿತು ಅನ್ನುವ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದೆ ಇಡಬೇಕು. ಕಲ್ಯಾಣ ಕರ್ನಾಟಕ ಮಂಡಳಿಗೆ 2025–26ರ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಇಟ್ಟರು. ಅದರಲ್ಲಿ ನಮ್ಮ ಕ್ಷೇತ್ರದ ಪಾಲು ಎಷ್ಟು, ಎಷ್ಟು ಶಾಲೆ ಕೋಣೆಗೆ ಹೋಯಿತು, ಎಷ್ಟು ಸಮುದಾಯ ಭವನಕ್ಕೆ ಹೋಯಿತು (ಬೀಗ ಹಾಕಿದ ಸಮುದಾಯ ಭವನಗಳೇ ನಮ್ಮಲ್ಲಿ ಜಾಸ್ತಿ) ಅಂತ ಆ ವರದಿ ಓದಿ ನಮಗೆ ಹೇಳಬೇಕಾದವರು ಶಾಸಕರಲ್ಲದೆ ಇನ್ಯಾರು?

ನಾನು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದವನು. 2024ರ ಆಗಸ್ಟ್‌ನಲ್ಲಿ ಡ್ಯಾಂನ 19ನೇ ಗೇಟ್ ಕೊಚ್ಚಿಹೋದಾಗಿನಿಂದ ನಮಗೆ ಡ್ಯಾಂನ ಎಲ್ಲ 33 ಗೇಟಿನದ್ದೇ ಚಿಂತೆ. ಎರಡನೇ ಬೆಳೆಗೆ ನೀರು ಉಂಟಾ ಇಲ್ಲವಾ ಅನ್ನುವುದು ಭತ್ತದ ಸಸಿ ಹಾಕುವ ಮೊದಲೇ ತಿಳಿಯಬೇಕು. ಕಾಲುವೆಗೆ ನೀರು ಬಿಡುವುದನ್ನು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿ ಸಭೆಗೆ ಶಾಸಕರು ಹೋಗುತ್ತಾರೆ, ನಮಗೆ ಸುದ್ದಿ ಮಾತ್ರ ಗೊಬ್ಬರದ ಅಂಗಡಿಯವನಿಂದ ಬರುತ್ತದೆ.

ಇದನ್ನೆಲ್ಲ ಗ್ರೂಪ್‌ನಲ್ಲೇ ಕೇಳಿದ್ದೆ. ಒಬ್ಬರು ಕೈ ಮುಗಿದ ಚಿತ್ರ ಹಾಕಿದರು, ಇನ್ನಿಬ್ಬರು ‘ಜೈ ಅಣ್ಣ’ ಅಂದರು. ಮರುದಿನದಿಂದ ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕುವಂತೆ ಮಾಡಿಬಿಟ್ಟರು. ಅದಕ್ಕೇ ಈ ಪತ್ರ.

ಪ್ರಶ್ನೆ, ಉತ್ತರ ಎಲ್ಲ ವಿಧಾನಸಭೆಯ ವೆಬ್‌ಸೈಟ್‌ನಲ್ಲಿ ಸಿಗುತ್ತವಲ್ಲ ಅಂತ ಯಾರಾದರೂ ಹೇಳಬಹುದು. ಸಿಗುತ್ತವೆ. ನೆಟ್‌ವರ್ಕ್‌ಗಾಗಿ ಮಾಳಿಗೆ ಹತ್ತುವ ಊರಿನವರಿಗೆ ಆ ಮಾತು ಹೇಳಬೇಡಿ. ನಾನು ಕೇಳುವುದು ಒಂದೇ ಹಾಳೆ. ಪ್ರತಿ ಅಧಿವೇಶನ ಮುಗಿದ ಮೇಲೆ ನಮ್ಮ ಭಾಗಕ್ಕೆ ಬೇಕಾದ ಮಸೂದೆ ಯಾವುದು, ತಾವು ಕೇಳಿದ ಪ್ರಶ್ನೆ ಏನು, ಬಂದ ಉತ್ತರ ಏನು ಅಂತ ಸಾದಾ ಕನ್ನಡದಲ್ಲಿ ಬರೆದು ಪಂಚಾಯಿತಿ ಬೋರ್ಡಿಗೆ, ರೇಷನ್ ಅಂಗಡಿ ಬಾಗಿಲಿಗೆ ಅಂಟಿಸಲಿ. ಏನೂ ಕೇಳಿರದಿದ್ದರೆ ಕೇಳಿಲ್ಲ ಅಂತಲೇ ಬರೆಯಲಿ. ಮೇಲೆ ಫೋಟೊ ಬೇಕಾದರೆ ಹಾಕಿಕೊಳ್ಳಲಿ, ಚಿಕ್ಕದು. ನಮ್ಮ ಊರಿನ ಮಟ್ಟಿಗೆ ಜೆರಾಕ್ಸ್ ಖರ್ಚು ನಾನೇ ಹಾಕಿಕೊಳ್ಳುತ್ತೇನೆ.

– ಕೊನೆಭಾಗದ ಒಬ್ಬ ರೈತ, ರಾಯಚೂರು ಜಿಲ್ಲೆ