ಮತ್ತೆ ಜಾಸ್ತಿಯಾಯ್ತು ಅಂತ ಬರೆದಿದ್ದೀಯಲ್ಲ

ಮಡಿಕೇರಿ, ಆಟಿ ತಿಂಗಳ 15

ಪ್ರೀತಿಯ ಪುಟ್ಟಿಗೆ,

ನಿನ್ನ ಕಾಗದವನ್ನು ನಿನ್ನೆ ಸಂಜೆ ಭಾಗಮಂಡಲದ ಬಸ್ಸಿನ ಕಂಡಕ್ಟರ್ ತಂದುಕೊಟ್ಟರು. ಮಳೆ, ಕರೆಂಟು, ನೆಟ್‌ವರ್ಕ್ ಕಥೆ ಎರಡೂ ಕಡೆ ಒಂದೇ, ಬಿಡು. ಕೊನೆಗೆ ಸುಮ್ನೆ ಒಂದು ಸಾಲು ಗೀಚಿದ್ದೀಯಲ್ಲ, "ಶೀತ ವಾಸಿಯಾಗಿತ್ತು ಅತ್ತೆ, ಮೂರು ದಿನದಿಂದ ಮತ್ತೆ ಜಾಸ್ತಿ, ಬಿದ್ದ ಚಾಕ್‌ಪೀಸ್ ಎತ್ತಲು ಬಗ್ಗಿದರೆ ಕೆನ್ನೆ ಸಿಡಿಯುತ್ತೆ" ಅಂತ. ರಾತ್ರಿಯಿಡೀ ಅದೇ ತಲೆಯಲ್ಲಿ.

ಬರೀ ಶೀತ ಅಂದಿದ್ದರೆ ಹೆದರುತ್ತಿರಲಿಲ್ಲ. ಈ ಮಳೆಯಲ್ಲಿ ಯಾರ ಮೂಗು ಕಟ್ಟಿಲ್ಲ ಹೇಳು? ಸೈನಸ್ ಆದರೂ ಹೆಚ್ಚಿನ ಸಲ ವೈರಸ್‌ನಿಂದಲೇ, 10 ದಿನದೊಳಗೆ ತಾನಾಗಿ ಇಳಿಯುತ್ತದೆ. ಸಿಂಬಳ ಹಸಿರಾಯ್ತು ಅಂತ ಆಂಟಿಬಯೋಟಿಕ್ ನುಂಗಬೇಕಾಗಿಲ್ಲ. ಆದರೆ ಇಳಿದದ್ದು ಮತ್ತೆ ಏರಿದರೆ ಲೆಕ್ಕ ಬೇರೆ.

ಚಿಕ್ಕಪ್ಪನ ಎಡಗಣ್ಣು ಹಾಳಾದ ವಿಷಯ ನಿನಗೆ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ನನ್ನ ಅಪ್ಪ ತೀರಿಹೋದ ಮೇಲೆ ಅದನ್ನು ಬಲ್ಲವಳು ನಾನೊಬ್ಬಳೇ. ಅವನಿಗೂ ಹೀಗೇ ಆರನೇ ದಿನಕ್ಕೆ ಜ್ವರ ಬಿಟ್ಟಿತ್ತು. ನಾಟಿ ಸಮಯ, ಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿದ. ಎರಡೇ ದಿನಕ್ಕೆ ಮತ್ತೆ ಮಲಗಿದ. ಅಪ್ಪ ಜೀಪು ಕರೆಸುತ್ತೇನೆ ಅಂದರು. "ನಾಡಿದ್ದು ಆಟಿ 18, ಮದ್ದುಸೊಪ್ಪು ಹೊಟ್ಟೆಗೆ ಹೋದರೆ ಸರಿಹೋಗ್ತಾನೆ" ಅಂದವಳು ನಾನು. ಆ ದಿನ ಆ ಸೊಪ್ಪಿನಲ್ಲಿ ಮದ್ದು ತುಂಬಿರುತ್ತದೆ ಅಂತ ನಮ್ಮ ಕಡೆ ನಂಬಿಕೆಯಲ್ಲವೇ. ಆ ಸೊಪ್ಪಿನ ನೇರಳೆ ಪಾಯಸ ಮಾಡಿದವಳೂ ನಾನೇ. ಬಟ್ಟಲು ಹಿಡಿದು ಹೋದರೆ ಅವನ ಎಡರೆಪ್ಪೆ ಊದಿ ಕಣ್ಣೇ ಮುಚ್ಚಿತ್ತು. ಪಾಯಸದ್ದೇ ನೇರಳೆ ಬಣ್ಣ ರೆಪ್ಪೆಯ ಮೇಲೆ.

ಈ ಸಲವೂ 18ಕ್ಕೆ ಮಾಡುತ್ತೇನೆ, ಇಲ್ಲೇ ಬಂದು ತಿನ್ನು. ಅದು ಆಟಿಯ ಊಟ. ಸೈನಸ್‌ಗೆ ಮದ್ದಲ್ಲ, ಅಷ್ಟೇ.

ನಾನೇನು ಡಾಕ್ಟರಲ್ಲ. ಆವಿ ತೆಗೆದುಕೊಂಡರೆ ಹಾಯೆನಿಸುತ್ತದೆ, ಆದರೆ ಕುದಿಯುವ ಪಾತ್ರೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಡ. ಮೂಗಿಗೆ ಉಪ್ಪುನೀರು ಹಾಕುವುದಾದರೆ ಕುದಿಸಿ ಆರಿಸಿದ್ದೇ ಆಗಬೇಕು. ಮೂಗು ಬಿಡಿಸುವ ಡ್ರಾಪ್ಸ್ ಮೂರ್ನಾಲ್ಕು ದಿನ ಸಾಕು, ಆಮೇಲೂ ಬಿಡುತ್ತಾ ಹೋದರೆ ಮೂಗು ಇನ್ನೂ ಕಟ್ಟುತ್ತದೆ. ರೂಮಿನ ಟೀಚರ್ ತಾನು ಉಳಿಸಿಟ್ಟ ಮಾತ್ರೆ ಕೊಟ್ಟಿದ್ದಾರೆ ಅಂದೆಯಲ್ಲ, ವಾಪಸ್ ಕೊಡು. ಬೇಜಾರು ಮಾಡಿಕೊಂಡರೆ ನನ್ನನ್ನು ಬೈಯಲಿ.

ಇದೆಲ್ಲ ಬರೆದು ಏನು ಪ್ರಯೋಜನ, ಮತ್ತೆ ಏರಿದೆ ಅಲ್ವಾ. ನಾಳೆಯೇ ಹೊರಟು ಬಾ. ಇಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರಿಗೆ ತೋರಿಸೋಣ. ಕಣ್ಣಿನ ಸುತ್ತ ಊತ ಕಂಡರೆ, ಒಂದು ವಸ್ತು ಎರಡಾಗಿ ಕಂಡರೆ, ಕುತ್ತಿಗೆ ಬಗ್ಗದಿದ್ದರೆ, ಮಾತು ಹಿಂದುಮುಂದಾದರೆ ನಾಳೆವರೆಗೂ ಕಾಯಬೇಡ. ರಾತ್ರಿಯಾದರೂ ಸರಿ, ಹೆಡ್‌ಮಾಸ್ಟರನ್ನು ಎಬ್ಬಿಸು. ಭಾಗಮಂಡಲದ ಸಂಗಮದಲ್ಲಿ ಕಾವೇರಿ, ಕನ್ನಿಕೆ ಎರಡೂ ಹೊಳೆ ಏರಿದರೆ ರಸ್ತೆಯ ಪಾಡು ನಿನಗೇ ಗೊತ್ತು. ರಜೆ ಕೊಡದಿದ್ದರೆ ಅತ್ತೆ ಹೇಳಿದ್ದಾರೆ ಅನ್ನು. ಅದಕ್ಕೆ ಅವರೇನೂ ಹೆದರಲ್ಲ, ಆದರೂ ಹೇಳು.

ಈ ಕಾಗದವನ್ನು ಬಸ್‌ಸ್ಟ್ಯಾಂಡಿಗೆ ಒಯ್ಯುವವನು ಚಿಕ್ಕಪ್ಪನೇ. ಕವರಿಗೆ ಎರಡು ಸಲ ಗೋಂದು ಹಚ್ಚಿದ್ದೇನೆ.

ನಿನ್ನ ಅತ್ತೆ