ಸತ್ತವರ ಲೆಕ್ಕ ಹಾಕಿದ್ರೆ ಸಾಕಾ?

ಮಾನ್ಯ ಸಂಪಾದಕರೇ,

ಹಾಸನದಲ್ಲಿ ಮೆಡಿಕಲ್ ಶಾಪ್ ಇಟ್ಕೊಂಡಿರೋನು ನಾನು. 2025ರ ಮೇ, ಜೂನ್‌ನಲ್ಲಿ ನಮ್ಮ ಜಿಲ್ಲೇಲಿ ಹಾರ್ಟ್ ಅಟ್ಯಾಕಿಗೆ ಇವತ್ತು ಇಷ್ಟು ಜನ ಹೋದ್ರು ಅಂತ ಪೇಪರಲ್ಲಿ ದಿನಾ ಲೆಕ್ಕ ಬರ್ತಿತ್ತಲ್ಲ, 40 ದಿನದಲ್ಲಿ 20 ದಾಟ್ತು ಅಂದಾಗ ಜನ ಬೆಳಗಿನ ಜಾವಕ್ಕೇ ಎದ್ದು ಹೋಗಿ ಮೈಸೂರು ಜಯದೇವದ ಮುಂದೆ ಕ್ಯೂ ನಿಂತ್ರು, ನನ್ನ ಅಂಗಡಿಗೂ ಬಂದು ಚೀಟಿ ಇಲ್ದೆ ಆಸ್ಪಿರಿನ್ ಕೊಡಿ ಅಂತ ಶುರು ಹಚ್ಕೊಂಡ್ರು. ಕೋವಿಡ್ ಲಸಿಕೆ ಅಂದ್ರು, ಜಿಮ್ ಅಂದ್ರು, ಬಾಯಿಗೆ ಬಂದಿದ್ದೆಲ್ಲ ಕಾರಣ ಆಯ್ತು.

ಸತ್ತವರನ್ನಷ್ಟೇ ಎಣಿಸಿದ್ರೆ ಕಾರಣ ಸಿಗಲ್ಲ ಸಾರ್. ನಂಗೆ ಇದು ಅರ್ಥ ಆಗಿದ್ದು ಹೃದ್ರೋಗ ಸಂಶೋಧಕ ಡಾ. ಸಲೀಂ ಯೂಸುಫ್ ಅವರ ಬಗ್ಗೆ ಓದಿದ ಮೇಲೆ. ಕೇರಳದ ಕೊಟ್ಟಾರಕ್ಕರದಲ್ಲಿ ಹುಟ್ಟಿದವರು, ಆದ್ರೆ ಡಾಕ್ಟರಿಕೆ ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ. 1976ರಲ್ಲಿ ರೋಡ್ಸ್ ಸ್ಕಾಲರ್‌ಶಿಪ್ ಸಿಕ್ಕಿ ಆಕ್ಸ್‌ಫರ್ಡ್‌ಗೆ ಹೋದ್ರು, ಆಮೇಲೆ ಅಮೆರಿಕ, 1992ರಿಂದ ಕೆನಡಾದ ಮ್ಯಾಕ್‌ಮಾಸ್ಟರ್ ಯೂನಿವರ್ಸಿಟಿ. ಬೈಪಾಸ್ ಮಾಡಿ ಹೆಸರು ಮಾಡಿದೋರಲ್ಲ, ಹಾಗಾಗಿ ಟಿವೀಲಿ ಕಾಣೋದು ಕಮ್ಮಿ. ಅವರ ಕಸುಬೇ ಬೇರೆ, ಸಾವಿರಗಟ್ಟಲೆ ಜನರನ್ನ ವರ್ಷಗಟ್ಟಲೆ ಹಿಂಬಾಲಿಸಿ ಯಾವ ಮಾತ್ರೆ ನಿಜವಾಗ್ಲೂ ಜೀವ ಉಳಿಸುತ್ತೆ ಅಂತ ನೋಡೋದು.

ನಾನು ದಿನಾ ಮಾರೋ ರಾಮಿಪ್ರಿಲ್ ಅನ್ನೋ ಬಿಪಿ ಮಾತ್ರೆ ಇದೆಯಲ್ಲ, ಅದನ್ನ 9 ಸಾವಿರಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷೆ ಮಾಡಿದ 'ಹೋಪ್' ಅನ್ನೋ ಅಧ್ಯಯನ ಅವರದ್ದೇ, 2000ದಲ್ಲಿ ಬಂತು. ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದಯದ ಸಾವು ಇವೆಲ್ಲ ಸೇರಿ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಇಳೀತು. ಅದೇ ಅಧ್ಯಯನದಲ್ಲಿ ವಿಟಮಿನ್ ಇ ಕೂಡ ಕೊಟ್ಟು ನೋಡಿದ್ರು, ಹಾರ್ಟ್‌ಗೆ ಏನೂ ಪ್ರಯೋಜನ ಆಗ್ಲಿಲ್ಲ! ಇವತ್ತಿಗೂ ಹಾರ್ಟ್‌ಗೆ ಒಳ್ಳೇದು ಅಂತ ಆ ಹಸಿರು ಕ್ಯಾಪ್ಸೂಲ್ ಕೇಳ್ಕೊಂಡು ಬರ್ತಾರೆ, ನಾನೂ ಕೊಡ್ತೀನಿ, ಏನ್ ಮಾಡೋದು ವ್ಯಾಪಾರ.

ಆದ್ರೆ ನಾನು ಹೇಳ್ಬೇಕು ಅಂದ್ಕೊಂಡಿದ್ದು ಅವರ 2004ರ ಇಂಟರ್‌ಹಾರ್ಟ್ ಅನ್ನೋ ಅಧ್ಯಯನದ ಬಗ್ಗೆ. 52 ದೇಶಗಳಲ್ಲಿ ಮೊದಲ ಸಲ ಅಟ್ಯಾಕ್ ಆದ ಸುಮಾರು 15 ಸಾವಿರ ಜನರನ್ನ ಹಿಡಿದ್ರು, ಅಷ್ಟಕ್ಕೇ ನಿಲ್ಲಿಸ್ಲಿಲ್ಲ, ಅವರದೇ ವಯಸ್ಸಿನ, ಗಂಡಿಗೆ ಗಂಡು ಹೆಣ್ಣಿಗೆ ಹೆಣ್ಣು ಅಂತ, ಅಟ್ಯಾಕ್ ಆಗ್ದೇ ಇರೋ ಹೆಚ್ಚುಕಮ್ಮಿ ಅಷ್ಟೇ ಜನರನ್ನೂ ಹುಡುಕಿ ಅದೇ ಪ್ರಶ್ನೆ ಕೇಳಿದ್ರು. ಹೋಲಿಸಿದಾಗ ಗೊತ್ತಾಯ್ತು, ಬೀಡಿ ಸಿಗರೇಟು, ಕೊಲೆಸ್ಟ್ರಾಲ್, ಬಿಪಿ, ಶುಗರ್, ಹೊಟ್ಟೆ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿ ತಿನ್ನದಿರೋದು, ಮೈ ಬಗ್ಗಿಸದಿರೋದು, ಜೊತೆಗೆ ಕುಡಿತದ ಲೆಕ್ಕ, ಈ ಒಂಬತ್ತರಲ್ಲೇ ನೂರಕ್ಕೆ 90ರಷ್ಟು ಅಪಾಯ ಅಡಗಿದೆ ಅಂತ. ನಮ್ಮ ಕಡೆ ದೇಶದವರಿಗೆ ಮೊದಲ ಅಟ್ಯಾಕ್ ಸರಾಸರಿ 53ಕ್ಕೇ ಆಗುತ್ತೆ, ಬೇರೆ ಕಡೆಯವರಿಗೆ 59ರ ಹತ್ರ. ಅಂದ್ರೆ ಚಿಕ್ಕ ವಯಸ್ಸಿಗೇ ಬರೋದು ನಿನ್ನೆ ಮೊನ್ನೆ ಶುರುವಾಗಿದ್ದಲ್ಲ, ಲಸಿಕೆಗೂ ಎಷ್ಟೋ ಮುಂಚಿನ ಮಾತು.

ಅವರು ಹೇಳಿದ್ದೆಲ್ಲ ಎಲ್ರೂ ಒಪ್ಪಿಲ್ಲ ಬಿಡಿ, ಉಪ್ಪು ಎಷ್ಟು ಕಮ್ಮಿ ಮಾಡ್ಬೇಕು ಅನ್ನೋ ವಿಷಯದಲ್ಲಿ ವಿಜ್ಞಾನಿಗಳ ಮಧ್ಯೆ ದೊಡ್ಡ ಜಗಳಾನೇ ಇದೆ. ಬಿಪಿ, ಕೊಲೆಸ್ಟ್ರಾಲ್, ಆಸ್ಪಿರಿನ್ ಎಲ್ಲಾ ಒಂದೇ ಗುಳಿಗೇಲಿ ಇರೋ ಪಾಲಿಪಿಲ್‌ನ ನಮ್ಮ ದೇಶದ 50 ಸೆಂಟರ್‌ಗಳಲ್ಲಿ 2 ಸಾವಿರ ಜನರ ಮೇಲೆ ನೋಡಿದ್ದೂ ಇವರ ತಂಡ, ಸೇಂಟ್ ಜಾನ್ಸ್‌ನವರ ಜೊತೆ ಸೇರಿ, ಫಲಿತಾಂಶ 2009ರಲ್ಲಿ ಬಂತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪಾಲಿಪಿಲ್‌ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸ್ತು, ನನ್ನ ಕೌಂಟರ್‌ಗೆ ಬರೋ ಚೀಟಿಗಳಲ್ಲಿ ಮಾತ್ರ ಅಪರೂಪ.

ಸಂಪಾದಕರೇ, ಮುಂದಿನ ಸಲ ನಿಮ್ಮ ವರದಿಗಾರರು ತೀರಿಕೊಂಡವರ ಮನೆಗೆ ಹೋದಾಗ ಫೋಟೋ ಜೊತೆಗೆ ಬಿಪಿ ಇತ್ತಾ, ಶುಗರ್ ಇತ್ತಾ, ಸಿಗರೇಟು ಇತ್ತಾ ಅಂತಾನೂ ಕೇಳ್ಲಿ. ಆಮೇಲೆ ಅದೇ ಬೀದೀಲಿ ಅದೇ ವಯಸ್ಸಿನ, ಗಟ್ಟಿಮುಟ್ಟಾಗಿರೋ ಇನ್ನೊಬ್ರ ಮನೆ ಬಾಗಿಲೂ ತಟ್ಲಿ.

ಇಂತಿ,
ಒಬ್ಬ ಔಷಧಿ ಅಂಗಡಿಯವ, ಹಾಸನ